ಮನೆಯ ಬೀಗದ ಕೈ ಮತ್ತು ಹೆಚ್ಚುವರಿ ಖರ್ಚಿನ ಪಟ್ಟಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಇಂದಿನ ನಗರಗಳಲ್ಲಿ ಕಟ್ಟುವವರು ಒಬ್ಬರು, ಕೊಳ್ಳುವವರು ಇನ್ನೊಬ್ಬರು. ಕಲ್ಲು, ಮರಳು, ಗಾರೆಗಳ ಚಿಂತೆ ನಮಗಿಲ್ಲವೆಂದು ನೆಮ್ಮದಿಯಿಂದಿದ್ದ ನಮಗೆ ಬೇರೊಂದು ಚಿಂತೆ ಕಾದಿತ್ತು.

ನಾವು ದಂಪತಿಗಳಿಬ್ಬರೂ ಶಿಕ್ಷಕ ವೃತ್ತಿಯಿಂದ ನಿವೃತ್ತರಾದವರು. ಧಾರವಾಡದ ಬಾಡಿಗೆ ಮನೆಯನ್ನು ಬಿಟ್ಟು ಮಗನಿರುವ ಬೆಂಗಳೂರಿನಲ್ಲಿ ನೆಲೆಸಬೇಕೆಂದು 2019ರಲ್ಲಿ ಒಂದು ಫ್ಲ್ಯಾಟಿಗೆ ಕರಾರು ಮಾಡಿಕೊಂಡೆವು. 2022ರಲ್ಲಿ ಕಟ್ಟಡ ಸಿದ್ಧವಾಯಿತು. ಗೃಹಪ್ರವೇಶದ ದಿನ ಗೊತ್ತುಮಾಡಿ ಆಮಂತ್ರಣ ಪತ್ರಿಕೆಗಳನ್ನೂ ಹಂಚಿದೆವು. ಸ್ವಂತ ಮನೆಯಲ್ಲಿ ಹಾಲುಕ್ಕಿಸುವುದನ್ನು ಕಾಣಬೇಕೆಂಬುದು ಎಂಬತ್ತನಾಲ್ಕು ವರ್ಷದ ನಮ್ಮ ತಾಯಿಯವರ ಬಹುಕಾಲದ ಹಂಬಲವಾಗಿತ್ತು.

ಮೂರು ವಾರ ಉಳಿದಿರುವಾಗ ಬಿಲ್ಡರ್ ಕಚೇರಿಯಿಂದ ಒಂದು ಪಟ್ಟಿ ಬಂತು. ನಿರ್ವಹಣೆಯ ಮುಂಗಡ 72,000, ವಿದ್ಯುತ್ ಮತ್ತು ನೀರಿನ ಸಂಪರ್ಕ 1,25,000, ಕಾರು ನಿಲ್ಲಿಸುವ ಜಾಗ 1,50,000, ಕ್ಲಬ್ ಸದಸ್ಯತ್ವ 50,000, ಕಾನೂನು ವೆಚ್ಚ 25,000, ವಿಸ್ತೀರ್ಣ ಹೆಚ್ಚಳ 38,000. ಒಟ್ಟು 4,60,000 ರೂಪಾಯಿ. ಇದನ್ನು ಕಟ್ಟದೆ ಬೀಗದ ಕೈ ಇಲ್ಲವೆಂದರು.

ಲೆಕ್ಕ ಕೇಳುವುದು ಮರ್ಯಾದಸ್ಥರಿಗೆ ಸಲ್ಲದೆಂಬ ಸಂಕೋಚದಲ್ಲಿ ಬೆಳೆದವರು ನಾವು. ಬಂಧುಗಳೆದುರು ತಲೆ ತಗ್ಗಿಸಬೇಕಾದೀತೆಂಬ ಭಯದಿಂದ ಕ್ಲಬ್ಬಿನ 50,000ವನ್ನು ಆ ದಿನವೇ ನಗದಾಗಿ ಕೊಟ್ಟೆವು. ರಸೀದಿ ನಾಳೆ ಕೊಡುತ್ತೇವೆಂದರು, ನಂಬಿದೆವು. ಉಳಿದುದಕ್ಕೆ ಒಡವೆ ಅಡವಿಡುವ ಮಾತಾಡುತ್ತಿದ್ದಾಗ ತಾಯಿಯವರು, “ಅವಸರದಾಗ ಹಾಲು ಕಾಸಿದ್ರ ಒಲಿ ಪಾಲಾಗತೈತಿ. ಮೊದಲು ಲೆಕ್ಕಾ ಮುಗಿಸ್ರಿ, ಆಮೇಲೆ ಹೋಗೂಣು” ಎಂದರು. ತಮ್ಮ ಹಂಬಲವನ್ನು ತಾವೇ ಮುಂದೂಡಿದ ಆ ಮಾತು ನಮ್ಮ ಕಣ್ಣು ತೆರೆಸಿತು. ಗೃಹಪ್ರವೇಶವನ್ನು ಮುಂದೂಡಿ ಎಲ್ಲರಿಗೂ ತಿಳಿಸಿದೆವು.

ಅನಂತರವೇ ನಾವು ಕರಾರು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದುದು. ಸಹಿ ಹಾಕುವಾಗ ಓದಿರಲಿಲ್ಲವೆಂದು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ನಿರ್ವಹಣೆಯ ಮುಂಗಡವನ್ನು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದು ನಾವು ಕೊಡಲೇಬೇಕಾದುದು. ಸಂಪರ್ಕದ ವೆಚ್ಚ ‘ವಾಸ್ತವವಾಗಿ ಕಟ್ಟಿದಷ್ಟು’ ಎಂದಿತ್ತು. ಕಾರು ನಿಲ್ಲಿಸುವ ಜಾಗ ಮನೆಯ ಬೆಲೆಯಲ್ಲಿಯೇ ಸೇರಿತ್ತು. ಕ್ಲಬ್ಬಿನ ಹಾಗೂ ಕಾನೂನು ವೆಚ್ಚದ ಹೆಸರೇ ಇರಲಿಲ್ಲ. ವಿಸ್ತೀರ್ಣ ಹೆಚ್ಚಿದೆಯೆಂದು ಹೇಳಿದುದು ಮೆಟ್ಟಿಲು, ಮೊಗಸಾಲೆಗಳ ಪಾಲನ್ನು ಸೇರಿಸಿ. ಒಳಗೆ ನಿಜವಾಗಿ ಬಳಕೆಗೆ ಸಿಗುವ ಜಾಗವನ್ನು, ಅಂದರೆ ‘ಕಾರ್ಪೆಟ್ ಏರಿಯಾ’ವನ್ನು, ಮಗನು ಟೇಪು ಹಿಡಿದು ಅಳೆದಾಗ ಕರಾರಿನಲ್ಲಿದ್ದಷ್ಟೇ ಇತ್ತು.

ನೆರೆಯವರನ್ನು ವಿಚಾರಿಸಲಾಗಿ, ಅದೇ ಅಳತೆಯ ಮನೆಗೆ ಅದೇ ಸಂಪರ್ಕಕ್ಕೆ ಒಬ್ಬರಿಂದ 90,000 ಕೇಳಿದ್ದರು! ಹದಿನೇಳು ಕುಟುಂಬಗಳು ಒಟ್ಟಾಗಿ, ಪ್ರತಿಯೊಂದು ಬಾಬಿಗೂ ಕರಾರಿನ ಆಧಾರ ಮತ್ತು ರಸೀದಿ ತೋರಿಸಬೇಕೆಂದು ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆದೆವು. 2016ರ ರಿಯಲ್ ಎಸ್ಟೇಟ್ ಕಾಯಿದೆಯ 31ನೆಯ ಕಲಮಿನಂತೆ ರೇರಾ ಪ್ರಾಧಿಕಾರಕ್ಕೆ ದೂರು ಕೊಡುವೆವೆಂದೂ ತಿಳಿಸಿದೆವು. ದೂರಿನ ಕಾಗದಗಳು ಸಿದ್ಧವಾಗಿದ್ದಾಗ ಮಾತುಕತೆಗೆ ಕರೆ ಬಂತು. ಸಂಪರ್ಕದ ನಿಜವಾದ ವೆಚ್ಚ ನಮ್ಮ ಪಾಲಿಗೆ 41,000 ಎಂದು ರಸೀದಿಗಳಿಂದ ತಿಳಿಯಿತು. ನಿರ್ವಹಣೆಯ ಹಣವೂ ಸೇರಿ 1,13,000 ಕಟ್ಟಿ ಬೀಗದ ಕೈ ಪಡೆದೆವು. ನಗದಾಗಿ ಕೊಟ್ಟ 50,000 ಮಾತ್ರ ಮರಳಲಿಲ್ಲ. “ರಸೀದಿ ಎಲ್ಲಿದೆ?” ಎಂದು ಈಗ ಅವರೇ ನಮ್ಮನ್ನು ಕೇಳಿದರು!

ಮೂರು ತಿಂಗಳು ತಡವಾಗಿ ತಾಯಿಯವರ ಕೈಯಿಂದಲೇ ಒಲೆ ಹೊತ್ತಿಸಿ ಹಾಲುಕ್ಕಿಸಿದೆವು.

ಮನೆ ಕೊಳ್ಳಲಿರುವ ಓದುಗ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಸಹಿಗೆ ಮೊದಲು ಕರಾರನ್ನು ಓದಿರಿ. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲವೆಂದು ಅದೇ ಕಾಯಿದೆಯ 13ನೆಯ ಕಲಮು ಹೇಳುತ್ತದೆ. ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಬೀಗದ ಕೈ ಸಿಗುವ ಮೊದಲು ಗೃಹಪ್ರವೇಶದ ಪತ್ರಿಕೆ ಅಚ್ಚು ಹಾಕಿಸಬೇಡಿರಿ. ಕೊಡಬೇಕಾದುದನ್ನು ಕೊಡದಿರುವುದು ಹೇಗೆ ತಪ್ಪೋ, ಕೊಡಬೇಕಿಲ್ಲದ್ದನ್ನು ಅಂಜಿ ಕೊಡುವುದೂ ಹಾಗೆಯೇ ತಪ್ಪು. ಅದು ನಾಳೆ ಬರುವವನ ಮೇಲೂ ಅದೇ ಹೊರೆ ಹೊರಿಸುತ್ತದೆ. ಕಾಯಕದಿಂದ ಬಂದ ಹಣಕ್ಕೆ ಲೆಕ್ಕ ಕೇಳುವುದರಲ್ಲಿ ಸಂಕೋಚವೇಕೆ?