ಓಡುವವರ ಸೊಂಟಕ್ಕೆ ಪಿಸ್ತೂಲು

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಅಡಿಕೆ ತೋಟ, ತೋಟ ಮುಗಿದಲ್ಲಿ ರಬ್ಬರು, ರಬ್ಬರು ಮುಗಿದಲ್ಲಿ ಕಾಡು. ಇಲ್ಲಿನ ಮಕ್ಕಳು ಬೆಳಿಗ್ಗೆ ಓಡಲು ಹೊರಟರೆ ಅವರಿಗೆ ಸಿಗುವುದು ಪಾರ್ಕಲ್ಲ, ತಿರುವುಗಳ ಒಂಟಿ ರಸ್ತೆ. ಓಡದೆ ವಿಧಿಯೂ ಇಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂಬ ಹುಡುಗ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು; ಹುಡುಗಿಯಾದರೆ 400 ಮೀಟರಿಗೆ 2 ನಿಮಿಷ. ಅಭ್ಯಾಸಕ್ಕೆ ಇರುವ ಹೊತ್ತೆಂದರೆ ಕಾಲೇಜಿನ ಬಸ್ಸು ಬರುವ ಮೊದಲಿನ ನಸುಕು. ಹೆತ್ತವರ ಎದೆ ಡವಗುಟ್ಟುವುದೂ ಆ ಹೊತ್ತಿನಲ್ಲೇ.

ಆ ಹೆದರಿಕೆ ಸುಮ್ಮನೆ ಬಂದದ್ದಲ್ಲ. 2023ರ ಫೆಬ್ರವರಿ 20ರ ಬೆಳಿಗ್ಗೆ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟಿದ್ದ ಯುವತಿಯೊಬ್ಬಳ ಮೇಲೆ ಕಾಡಾನೆ ಎರಗಿತು. ಕೂಗು ಕೇಳಿ ಬಿಡಿಸಲು ಓಡಿಬಂದವರನ್ನೂ ಅದು ಬಿಡಲಿಲ್ಲ. ಇಬ್ಬರೂ ತೀರಿಕೊಂಡರು. ಅರಣ್ಯ ಇಲಾಖೆ ಸಾಕಾನೆಗಳನ್ನು ತರಿಸಿ ಕೆಲವೇ ದಿನಗಳಲ್ಲಿ ಒಂದು ಆನೆಯನ್ನು ಹಿಡಿಯಿತು. ಆದರೆ ದಿನಾ ನಡೆದಾಡಿದ ದಾರಿಯ ಮೇಲಿನ ನಂಬಿಕೆ ಅಷ್ಟು ಬೇಗ ಮರಳಿ ಬರುವಂಥದಲ್ಲ.

ಇಂಥ ಊರಿನ ಒಂದು ಮನೆಯಲ್ಲಿ ಅಣ್ಣ, ತಂಗಿ ಇಬ್ಬರೂ ಪೊಲೀಸ್ ಪರೀಕ್ಷೆಗೆ ಓಡುವವರು. ಇಬ್ಬರೂ ಇನ್ನೂ ಡಿಗ್ರಿಯಲ್ಲಿದ್ದಾರೆ. "ಗದ್ದೆ ಬದಿಯಲ್ಲೇ ಓಡಿದರೆ ಸಾಕು, ರಸ್ತೆಗೆ ಹೋಗುವುದು ಬೇಡ" ಎಂದು ತಾಯಿ ಮಗಳನ್ನು ತಡೆದಿದ್ದರು. ಒಂದು ರಾತ್ರಿ ಊಟವಾದ ಮೇಲೆ ಅಣ್ಣ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಅಮೆರಿಕದ ಹೆಂಗಸೊಬ್ಬಳು ಬನಿಯನ್ನಿನ ಒಳಗೆ ಪುಟ್ಟ ಪಿಸ್ತೂಲು ಕಟ್ಟಿಕೊಂಡು ಆರಾಮವಾಗಿ ಓಡುತ್ತಿದ್ದಾಳೆ. "ನೋಡಿ ಅಪ್ಪಾ, ಹೊರಗಿನಿಂದ ಗೊತ್ತೇ ಆಗುವುದಿಲ್ಲ."

ತಂದೆಯ ಮನಸ್ಸು ಒಂದು ಗಳಿಗೆ ಆ ಕಡೆ ವಾಲಿದ್ದು ನಿಜ. ಮಗಳ ವಿಷಯದಲ್ಲಿ ಯಾವ ತಂದೆಗಾದರೂ ಹಾಗಾದೀತು. ಮೂಲೆಯಲ್ಲಿ ಎಲೆ ಮಡಚುತ್ತಿದ್ದ ಅಜ್ಜ ಮಾತ್ರ ನಕ್ಕರು. "ಹೊರಗೆ ಗೊತ್ತೇ ಆಗದಿದ್ದರೆ ಆನೆಗೆ ಹೆದರಿಕೆ ಆಗುವುದು ಹೇಗೆ ಮಾರಾಯ?"

ಆ ಮನೆಯಲ್ಲಿ ಕೋವಿ ಹೊಸತಲ್ಲ. ಅಜ್ಜನ ಹೆಸರಿನಲ್ಲಿ ಪರವಾನಗಿ ಇರುವ ಒಂಟಿ ನಳಿಗೆಯ ತೋಟೆ ಕೋವಿ ಉಂಟು. ಹಂದಿ ಬಂದರೆ, ಮಂಗಗಳು ಎಳನೀರಿಗೆ ಕೈಹಾಕಿದರೆ, ಹೆಚ್ಚಾಗಿ ಸದ್ದು ಮಾಡಲಿಕ್ಕೆ ಮಾತ್ರ ಅದು ಹೊರಗೆ ಬರುತ್ತದೆ. ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಹೋಗಿ ಕೂರುತ್ತದೆ. ಅದರ ಜೊತೆಗೇ ಮನೆಗೆ ಬಂದ ಕಟ್ಟಳೆಗಳೂ ಇವೆ. ತುಂಬಿದ ಕೋವಿ ಹಿಡಿದು ಓಡಬಾರದು. ಬೇಲಿ, ತೋಡು, ಸಂಕ ದಾಟುವ ಮೊದಲು ತೋಟೆ ತೆಗೆಯಬೇಕು. ಅಂಗಳಕ್ಕೆ ಕಾಲಿಡುವಾಗ ನಳಿಗೆ ಖಾಲಿ ಇರಬೇಕು. "ಕೋವಿಗೆ ಎರಡು ಕೈ ಬೇಕು. ಓಡುವವನಿಗೆ ಎರಡು ಕೈಯೂ ಓಟಕ್ಕೇ ಬೇಕು" ಎಂದರು ಅಜ್ಜ.

ಅಜ್ಜ ಅನುಭವದಿಂದ ಹೇಳಿದ್ದಕ್ಕೂ ಕಾನೂನು ಹೇಳುವುದಕ್ಕೂ ಹೆಚ್ಚು ದೂರವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದು ಹೇಳುವುದು ಮೂತಿಯಿಂದ ಮದ್ದು ತುಂಬುವ ಕೋವಿಯನ್ನು; ಆತ್ಮರಕ್ಷಣೆಗೆ ನಯ ನಳಿಗೆಯ ಕೋವಿಯಾದರೆ ಆ ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು. ಇವೆರಡನ್ನೂ ಅಂಗಿಯೊಳಗೆ ಅಡಗಿಸಲು ಸಾಧ್ಯವಿಲ್ಲ. ಪಿಸ್ತೂಲು, ರಿವಾಲ್ವರು ಬೇಕೆನ್ನುವವರು ಅಧಿಕಾರಿಗೆ ಒಪ್ಪಿಗೆಯಾಗುವಂಥ ಕಾರಣ ತೋರಿಸಬೇಕು. 21 ವರ್ಷ ತುಂಬದವರಿಗೆ ಪರವಾನಗಿಯೇ ಇಲ್ಲ. ಅಪ್ಪನ ಹೆಸರಿನ ಕೋವಿಯನ್ನು ಮಗ ಸೊಂಟಕ್ಕೆ ಕಟ್ಟಿಕೊಂಡು ಹೊರಟರೆ ಅಪ್ಪ, ಮಗ ಇಬ್ಬರೂ ಅಪರಾಧಿಗಳಾಗುತ್ತಾರೆ. ಪೊಲೀಸ್ ಆಗಲೆಂದು ಓಡುವ ಹುಡುಗನ ಮೇಲೆ ಪೊಲೀಸ್ ಕೇಸು ಬಿದ್ದರೆ ಓಡಿದ್ದೆಲ್ಲ ನೀರಿನಲ್ಲಿ ಹೋಮ.

ಪರವಾನಗಿ ಇರುವವರಿಗೂ 2016ರ ನಿಯಮಗಳು ಶರತ್ತು ಹಾಕಿವೆ. ಸಾರ್ವಜನಿಕ ಜಾಗದಲ್ಲಿ ಒಯ್ಯುವ ಸಣ್ಣ ಕೋವಿ ಅದಕ್ಕೆಂದೇ ಮಾಡಿದ ಒರೆಯಲ್ಲಿ, ಪೂರ್ತಿ ಮುಚ್ಚಿಕೊಂಡು ಇರಬೇಕು. ಒಯ್ಯುವವನ ಹತೋಟಿಯಲ್ಲಿಯೂ ಇರಬೇಕು. ಮುಚ್ಚುವುದು ಸುಲಭ. ಓಡುವಾಗ ಹತೋಟಿಯಲ್ಲಿ ಇಟ್ಟುಕೊಳ್ಳುವುದೇ ಕಷ್ಟ.

ಹೆಂಗಸರ ರಕ್ಷಣೆಗೆಂದು ಕಾನ್ಪುರದ ಸರಕಾರಿ ಕಾರ್ಖಾನೆ 2014ರಲ್ಲಿ 'ನಿರ್ಭೀಕ್' ಎಂಬ ಹಗುರ ರಿವಾಲ್ವರನ್ನು ಹೊರತಂದಿತು. ಅದರ ತೂಕ ಸುಮಾರು ಅರ್ಧ ಕಿಲೊ, ಅಂದರೆ ಸುಲಿದ ಒಂದು ತೆಂಗಿನಕಾಯಿಯಷ್ಟು. ಆಗಿನ ಬೆಲೆ 1 ಲಕ್ಷ 22 ಸಾವಿರ ರೂಪಾಯಿಯ ಮೇಲೆ. ಕೈಯಲ್ಲಿ ಹಿಡಿದರೆ ಅರ್ಧ ಕಿಲೊ ಏನೂ ಅಲ್ಲ. ಆದರೆ ಓಡುವವರು ನಿಮಿಷಕ್ಕೆ 160ರಿಂದ 180 ಹೆಜ್ಜೆ ಹಾಕುತ್ತಾರೆ. 1600 ಮೀಟರು ಮುಗಿಯುವ ಹೊತ್ತಿಗೆ ಆ ತೆಂಗಿನಕಾಯಿ ಸೊಂಟದ ಒಂದೇ ಬದಿಗೆ ಸಾವಿರಕ್ಕೂ ಹೆಚ್ಚು ಸಲ ಬಡಿದಿರುತ್ತದೆ.

ಅಮೆರಿಕದವರು ಇದಕ್ಕೆ ಹಲವು ಉಪಾಯ ಮಾಡಿದ್ದಾರೆ. ಹೊಟ್ಟೆಗೆ ಸುತ್ತುವ ಅಗಲದ ಇಲಾಸ್ಟಿಕ್ ಪಟ್ಟಿ, ಸೊಂಟದ ಚೀಲ, ಎದೆಯ ಮೇಲಿನ ಚೀಲ, ಟ್ರಿಗರಿಗೆ ಏನೂ ತಾಗದಂತೆ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ ಒರೆ ಎಲ್ಲವೂ ಅಲ್ಲಿ ಸಿಗುತ್ತವೆ. ಆದರೆ ಒಂದು ತೊಡಕು ಬಿಡಿಸಿದರೆ ಇನ್ನೊಂದು ಹುಟ್ಟುತ್ತದೆ. ಪಟ್ಟಿ ಬಿಗಿಯಾದರೆ ಉಸಿರು ಕಟ್ಟುತ್ತದೆ, ಸಡಿಲವಾದರೆ ಜಾರುತ್ತದೆ. ಚೀಲದ ಜಿಪ್ ಎಳೆದರೆ ಬೇಕಾದಾಗ ಕೈಗೆ ಸಿಗುವುದಿಲ್ಲ, ಎಳೆಯದಿದ್ದರೆ ಬೀಳುತ್ತದೆ. ಬೆವರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಅದೇ ಚೀಲಕ್ಕೆ ಕೀಲಿಕೈ, ಮೊಬೈಲು ಹಾಕುವಂತಿಲ್ಲ. ಟ್ರಿಗರಿಗೆ ಏನಾದರೂ ಸಿಕ್ಕಿಕೊಂಡರೆ ಗುಂಡು ಹಾರೀತು.

ಇದು ಬರಿಯ ಊಹೆಯಲ್ಲ. ಪ್ಲ್ಯಾಕ್ಸಿಕೊ ಬರೆಸ್ ಅಮೆರಿಕದ ಫುಟ್ಬಾಲಿನಲ್ಲಿ ಹೆಸರು ಮಾಡಿದ ಆಟಗಾರ. 2008ರ ನವೆಂಬರಿನಲ್ಲಿ ನ್ಯೂಯಾರ್ಕಿನ ಒಂದು ಕ್ಲಬ್ಬಿಗೆ ಹೋದಾಗ ಪಿಸ್ತೂಲನ್ನು ಒರೆ ಇಲ್ಲದೆ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಅದು ಜಾರಿತು, ಗುಂಡು ಹಾರಿ ಅವನದೇ ತೊಡೆಗೆ ಹೊಕ್ಕಿತು. ನ್ಯೂಯಾರ್ಕಿನಲ್ಲಿ ಅದನ್ನು ಒಯ್ಯಲು ಅವನಿಗೆ ಪರವಾನಗಿ ಇರಲಿಲ್ಲ. 2 ವರ್ಷದ ಜೈಲು ಶಿಕ್ಷೆಯಾಯಿತು. ನಮ್ಮಲ್ಲೇ 2024ರ ಅಕ್ಟೋಬರ್ 1ರಂದು ಹಿಂದಿ ನಟ ಗೋವಿಂದ ಅವರ ಕಾಲಿಗೆ, ಮುಂಬೈಯ ಮನೆಯಲ್ಲಿ, ಅವರದೇ ಪರವಾನಗಿಯ ರಿವಾಲ್ವರಿನ ಗುಂಡು ಹೊಕ್ಕಿತು. ಇಬ್ಬರ ಎದುರಿಗೂ ಆಗ ವೈರಿ ಇರಲಿಲ್ಲ.

ಸುಳ್ಯದ ಗಡಿ ದಾಟಿದರೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅಲ್ಲೂ ವಿನಾಯಿತಿ ಉದ್ದದ ಕೋವಿಗೆ, ಸೊಂಟದ ಪಿಸ್ತೂಲಿಗಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಎಲ್ಲರೆದುರು ಪೂಜಿಸುತ್ತಾರೆ. ಯಾರ ಮನೆಯಲ್ಲಿ ಕೋವಿ ಇದೆ, ಅದನ್ನು ಯಾರು ಎತ್ತಬಹುದು ಎಂಬುದು ಊರಿಗೇ ಗೊತ್ತು. ಪುತ್ತೂರು, ಸುಳ್ಯದ ತೋಟದ ಕೋವಿಯೂ ಅಷ್ಟೆ. ಹತ್ತು ಜನರ ಕಣ್ಣು ಅದರ ಮೇಲಿದೆ; ಹಿಡಿದವನ ಸಿಟ್ಟಿಗೆ ಅದೇ ಒಂದು ಕಡಿವಾಣ. ಅಡಗಿಸಿದ ಕೋವಿಗೆ ಆ ಕಡಿವಾಣವಿಲ್ಲ. ನಾಯಿ ಬೊಗಳಿದರೆ, ಬೈಕಿನವನು ಕೆಣಕಿದರೆ, ಇಪ್ಪತ್ತರ ಹರೆಯದ ಕೈ ಮೊದಲು ಎಲ್ಲಿಗೆ ಹೋದೀತು?

ಆನೆಯ ಮಾತಂತೂ ಬೇರೆ. ಕಾಯ್ದೆ ಅದಕ್ಕೆ ಎಲ್ಲಕ್ಕಿಂತ ಮೇಲಿನ ರಕ್ಷಣೆ ಕೊಟ್ಟಿದೆ. ಅದಿರಲಿ, ಕೆಲವೇ ಗ್ರಾಂ ತೂಕದ ಗುಂಡು ಸಾವಿರಾರು ಕಿಲೊ ತೂಗುವ ಆನೆಯನ್ನು ನಿಲ್ಲಿಸದು, ಕೆರಳಿಸೀತು.

ಹಾಗಾದರೆ ಮಕ್ಕಳು ಓಡುವುದು ಬೇಡವೇ? ಬೇಡವೆಂದರೆ ಮಗಳ ಕೆಲಸದ ದಾರಿಯನ್ನೇ ಮುಚ್ಚಿದಂತೆ. ಆ ಮನೆಯವರು ಬೇರೆ ದಾರಿ ಹಿಡಿದರು. ಈಗ ಬೆಳಕು ಹರಿಯದೆ ಯಾರೂ ರಸ್ತೆಗೆ ಇಳಿಯುವುದಿಲ್ಲ. ರಾತ್ರಿ ಆನೆ ಬಂದಿತ್ತೇ ಎಂದು ನೆರೆಮನೆಗೆ, ಅರಣ್ಯ ಇಲಾಖೆಯವರಿಗೆ ಫೋನು ಮಾಡಿ ಕೇಳಿಕೊಳ್ಳುತ್ತಾರೆ. ಅಣ್ಣ, ತಂಗಿ ಬೇರೆ ಬೇರೆ ಹೊತ್ತಿಗೆ ಹೋಗುವುದು ನಿಂತಿದೆ. ಪಕ್ಕದ ಮನೆಯ ಇಬ್ಬರು ಹುಡುಗಿಯರೂ ಜೊತೆ ಸೇರಿದ್ದಾರೆ. ಕುತ್ತಿಗೆಯಲ್ಲಿ ಒಂದು ಸೀಟಿ, ಒಬ್ಬರ ಬಳಿ ಮೊಬೈಲು, ಅದರಲ್ಲಿ 112. ಕಿವಿಗೆ ಹಾಡಿನ ವಯರು ಸಿಕ್ಕಿಸುವುದಿಲ್ಲ. ಎಲೆ ಅಲ್ಲಾಡಿದ ಸದ್ದೂ, ಹಿಂದೆ ಬರುವ ಜೀಪಿನ ಸದ್ದೂ ಕೇಳಬೇಕಲ್ಲ. ಭಾನುವಾರ ತಂದೆಯೇ ನಾಲ್ವರನ್ನೂ ಪುತ್ತೂರಿನ ಕೊಂಬೆಟ್ಟು ಮೈದಾನಕ್ಕೆ ಕರೆದೊಯ್ದು ಗಡಿಯಾರ ಹಿಡಿದು ನಿಲ್ಲುತ್ತಾರೆ.

ಇದರಿಂದ ಹೆದರಿಕೆ ಪೂರ್ತಿ ಹೋಯಿತೆಂದಲ್ಲ. ಮಕ್ಕಳು ತಿರುವಿನಲ್ಲಿ ಮರೆಯಾದರೆ ತಾಯಿ ಇಂದಿಗೂ ಅಂಗಳದಲ್ಲೇ ನಿಂತಿರುತ್ತಾರೆ. ಆದರೆ ಆ ಹೆದರಿಕೆ ಹೊರಗಿನದು. ನಾಲ್ಕು ಮನೆಯವರು ಹಂಚಿಕೊಳ್ಳಬಹುದಾದದ್ದು. ಮಗಳ ಮೈಗೇ ಇನ್ನೊಂದು ಹೆದರಿಕೆಯನ್ನು ಕಟ್ಟಿ ಕಳಿಸುವ ಅಗತ್ಯ ಆ ತಂದೆಗೆ ಈಗ ಕಾಣುವುದಿಲ್ಲ.