ಫ್ಯಾನ್ ಸುಟ್ಟರೆ ಮೊದಲು ಬುಷ್ ನೋಡಿ

ಟೇಬಲ್ ಫ್ಯಾನ್ ಸುಟ್ಟೋದ್ರೆ ನಮ್ಮ ಕಡೆ ಎಲ್ರೂ ವೋಲ್ಟೇಜ್‌ನ ಬೈತಾರೆ. ಕಣದಲ್ಲಿ ರಾಗಿ ತೂರೋಕೂ ಅದೇ ಫ್ಯಾನ್ ಇಡ್ತೀವಲ್ಲ, ಅದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ! ಶಾಫ್ಟ್ ಹಿಡಿಯೋ ಬುಷ್ ಸಣ್ಣ ಸಣ್ಣ ರಂಧ್ರ ಇರೋ ಕಂಚು. ಎಣ್ಣೆ ಕುಡಿದು ಕೂತಿರುತ್ತೆ. ಸುತ್ತಲಿನ ಫೆಲ್ಟ್ ಒಣಗಿ ಹೊಟ್ಟು ಮೆತ್ತಿದ್ರೆ ಶಾಫ್ಟ್ ಬಿಗಿಯುತ್ತೆ, ವೈಂಡಿಂಗ್ ಬಿಸಿಯೇರಿ ಸುಡುತ್ತೆ. ಬುಷ್ ಮುಟ್ಟದೆ ರೀವೈಂಡಿಂಗ್ ಮಾಡ್ಸಿದ್ರೆ ದುಡ್ಡು ದಂಡ. ಪಕ್ಕದ ಮನೆಯವರಿಗೆ ಎರಡು ಸಲ ಹಾಗೇ ಆಯ್ತು.

ಪ್ಲಗ್ ಕಿತ್ತು ರೆಕ್ಕೆ ಬೆರಳಲ್ಲಿ ತಿರುಗಿಸಿ. ತಟಕ್ಕನೆ ನಿಂತ್ರೆ ಎಣ್ಣೆ ಆರಿದೆ. ಶಾಫ್ಟ್ ಪಕ್ಕಕ್ಕೆ ಅಲ್ಲಾಡಿದ್ರೆ ಬುಷ್ ಸವೆದಿದೆ, ಬದಲಿಸಲೇಬೇಕು. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತೆ. ಗ್ರೀಸ್ ರಂಧ್ರ ಮುಚ್ಚುತ್ತೆ. ಫೆಲ್ಟ್‌ಗೆ ಹೊಲಿಗೆ ಮಿಷನ್ ಎಣ್ಣೆ ನಾಲ್ಕು ಹನಿ ಸಾಕು. ಹೊಸ ಬುಷ್ ಆದ್ರೆ ಹಾಕೋ ಮುಂಚೆ ಒಂದು ರಾತ್ರಿ ಅದೇ ಎಣ್ಣೆಲಿ ನೆನೆಸಿಡಿ.