ಕಲ್ಲುದಿಂಬುಗಳ ಮರಡಿಹಳ್ಳಿ

ಚಿತ್ರದುರ್ಗದ ಕೋಟೆ ನೋಡಲು ಬರುವವರಿಗೆ ಲೆಕ್ಕವಿಲ್ಲ. ಬಂಡೆ ಹತ್ತಿ, ಒನಕೆ ಓಬವ್ವನ ಕಿಂಡಿಯಲ್ಲಿ ತಲೆ ತೂರಿಸಿ, ಇಳಿದು ಬಸ್ಸು ಹಿಡಿಯುತ್ತಾರೆ. ಅಲ್ಲಿಂದ ಆಗ್ನೇಯಕ್ಕೆ, ಐಮಂಗಲದ ಸಮೀಪವಿರುವ ಮರಡಿಹಳ್ಳಿಗೆ ಹೋಗುವವರು ಕಡಿಮೆ. ಹಾಗೆ ಹೋಗುವವರ ಹೆಗಲಲ್ಲಿ ಖಾಕಿ ಚೀಲ, ಕೈಯಲ್ಲಿ ಸುತ್ತಿಗೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಮಸೂರ. ಭೂವಿಜ್ಞಾನದ ವಿದ್ಯಾರ್ಥಿಗಳು!

ಊರಾಚೆಯ ಈ ಕಲ್ಲುಗುಂಡುಗಳನ್ನು ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇಲ್ಲಿ ಸುತ್ತಿಗೆ ಬೀಸುವಂತಿಲ್ಲ. ಚೀಲಕ್ಕೆ ಸೇರಿಸಿ ಕಣ್ಣಿಗೇ ಕೆಲಸ ಕೊಡಬೇಕು. ಹಸಿರು ಛಾಯೆಯ ಕಪ್ಪು ಕಲ್ಲು, ಒಂದರ ಮೇಲೊಂದು ಪೇರಿಸಿಟ್ಟ ದಿಂಬುಗಳಂತೆ ಬಿದ್ದಿದೆ. ಹಾಸಿಗೆ ಸುರುಳಿ ಬಿಚ್ಚಿ, ದಿಂಬುಗಳನ್ನಷ್ಟೇ ಮರೆತು ಹೋದ ಮದುವೆಮನೆಯಂತೆ.

ಇದು ನೀರಿನೊಳಗೆ ಉಕ್ಕಿದ ಲಾವಾ. ಕುದಿಯುವ ಲಾವಾರಸ ಸಮುದ್ರದ ತಳದಲ್ಲಿ ಹೊರಬಂದ ಕೂಡಲೇ ನೀರು ತಾಕಿ ಮೇಲಿನ ಸಿಪ್ಪೆ ಗಟ್ಟಿಯಾಗುತ್ತದೆ. ಒಳಗಿನ ಬಿಸಿರಸ ಸಿಪ್ಪೆ ಒಡೆದು ಮುಂದೆ ಇನ್ನೊಂದು ಉಂಡೆಯಾಗಿ ಉಬ್ಬುತ್ತದೆ. ಹೀಗೆ ಉಂಡೆಯ ಮೇಲೆ ಉಂಡೆ. ಅಂದರೆ, ಮಳೆಗಾಗಿ ಆಕಾಶ ನೋಡುವ ಈ ಬಯಲುಸೀಮೆಯಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ ಕಡಲಿತ್ತು. ನಂಬುವುದು ಕಷ್ಟ. ಆದರೆ ಕಲ್ಲು ಸುಳ್ಳು ಹೇಳುವುದಿಲ್ಲವೆಂದು ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ.

ಅವರು ಹೇಳಿಕೊಡುವ ಇನ್ನೊಂದು ಸಂಗತಿ ಬಲು ಸೊಗಸು. ಪ್ರತಿ ದಿಂಬಿನ ನೆತ್ತಿ ದುಂಡಗೆ. ತಳ ಮಾತ್ರ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿಬಿದ್ದು ಚೂಪಾಗಿರುತ್ತದೆ. ಭೂಮಿ ಮಡಿಸಿಕೊಂಡು ಪದರಗಳು ತಲೆಕೆಳಗಾಗಿದ್ದರೂ ಆ ಚೂಪುತುದಿ ನೋಡಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳಬಹುದು. ತರಗತಿಯಲ್ಲಿ ವರ್ಷವಿಡೀ ಅರ್ಥವಾಗದ್ದು ಇಲ್ಲಿ ಬಿಸಿಲಲ್ಲಿ ಹತ್ತು ನಿಮಿಷ ಕುಕ್ಕರುಗಾಲಲ್ಲಿ ಕುಳಿತರೆ ತಿಳಿದುಬಿಡುತ್ತದೆ.

ಕುರಿ ಮೇಯಿಸುವ ಅಜ್ಜನೊಬ್ಬ ಹುಡುಗರನ್ನು ಕಂಡರೆ ಕೇಳುವ ಮೊದಲ ಪ್ರಶ್ನೆ, "ಏನ್ರಪ್ಪಾ, ಚಿನ್ನ ಐತಾ?" ಇಲ್ಲವೆಂದರೆ ಎರಡನೆಯದು, "ಹಂಗಾರೆ ನೀರಾದ್ರೂ ಐತೇನ್ ನೋಡ್ರಿ."

ಈ ಎರಡು ಪ್ರಶ್ನೆಗಳಲ್ಲೇ ಭೂವಿಜ್ಞಾನ ಓದಿದವರ ಅರ್ಧ ಬದುಕು ಅಡಗಿದೆ. ಚಿನ್ನದ ಕಥೆ ಎಲ್ಲರಿಗೂ ಗೊತ್ತು. 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಮುಂದಾಳತ್ವದಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಕೋಲಾರದ ಗಣಿಗಳು ಏರುಜವ್ವನದಲ್ಲಿದ್ದವು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿಗಳು 2001ರಲ್ಲಿ ಮುಚ್ಚಿದವು. 'ಇನ್ನು ಈ ಓದಿಗೆ ಅನ್ನವಿಲ್ಲ' ಎಂದು ಎಷ್ಟೋ ಮನೆಗಳಲ್ಲಿ ಹಿರಿಯರು ತೀರ್ಮಾನಿಸಿದರು. ಹಟ್ಟಿಯಲ್ಲಿ ಚಿನ್ನ ತೆಗೆಯುವುದು ನಿಂತಿಲ್ಲವೆಂಬುದು ಅವರಿಗೆ ನೆನಪಾಗಲಿಲ್ಲ.

ನೀರಿನ ಕಥೆ ಬೇರೆ. ಈ ಗಟ್ಟಿಶಿಲೆಯ ನಾಡಿನಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ. ಬಿರುಕು ತಪ್ಪಿದರೆ ಸಾವಿರ ಅಡಿ ಕೊರೆದರೂ ಬರುವುದು ದೂಳು. ನೆಲಕ್ಕೆ ವಿದ್ಯುತ್ ಹರಿಸಿ ರೋಧ ಅಳೆಯುವ ಯಂತ್ರದಿಂದ ಭೂವಿಜ್ಞಾನಿ ಆ ಬಿರುಕಿನ ಸುಳಿವು ಹಿಡಿಯುತ್ತಾನೆ. ಅವನ ಪ್ರತಿಸ್ಪರ್ಧಿ ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುವವನು. ಕಾಯಿ ನೆಟ್ಟಗೆ ನಿಂತಲ್ಲಿ ನೀರಂತೆ. ಸೋತರೆ ಇಬ್ಬರಿಗೂ ನಷ್ಟವಿಲ್ಲ, ಸಾಲ ಉಳಿಯುವುದು ರೈತನಿಗೆ. ಯಂತ್ರವೂ ಖಾತರಿ ಕೊಡುವುದಿಲ್ಲ ಎಂದು ಒಪ್ಪಿಕೊಳ್ಳುವ ಭೂವಿಜ್ಞಾನಿಯನ್ನೇ ನಂಬುವುದು ಲೇಸು.

ಈ ವಿಷಯ ಕಲಿಸುವ ಪಿಯು ಕಾಲೇಜುಗಳು ಬೆರಳೆಣಿಕೆಯಷ್ಟು. ಹಾಗಾಗಿ ಬಹುತೇಕರು ಬಿಎಸ್ಸಿಯಲ್ಲಿ ಇದನ್ನು ಮೊದಲ ಬಾರಿ ಕಾಣುತ್ತಾರೆ, ಹಲವರು ಬೇರೆ ಸೀಟು ಸಿಗದೆ. ಎಂಎಸ್ಸಿಗೆ ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾಲಯಗಳಿವೆ. ಮಂಗಳೂರಿನಲ್ಲಿ ಕಡಲಿನ ಭೂವಿಜ್ಞಾನ. ಮುಂದೆ ಕೇಂದ್ರ ಲೋಕಸೇವಾ ಆಯೋಗದ ಭೂವಿಜ್ಞಾನಿ ಪರೀಕ್ಷೆ. ಅದರಲ್ಲಿ ಗೆದ್ದವರಿಗೆ 1851ರಷ್ಟು ಹಳೆಯದಾದ ಭೂವೈಜ್ಞಾನಿಕ ಸಮೀಕ್ಷೆ, ಇಲ್ಲವೆ ಕೇಂದ್ರ ಅಂತರ್ಜಲ ಮಂಡಳಿ. ಹುದ್ದೆಗಳು ಕಡಿಮೆ, ಬರೆಯುವವರು ದೇಶದ ತುಂಬ. ರಾಜ್ಯದ ಗಣಿ ಇಲಾಖೆ, ಯುರೇನಿಯಂ ಹುಡುಕುವ ಪರಮಾಣು ಖನಿಜ ನಿರ್ದೇಶನಾಲಯ, ತೈಲ ಕಂಪನಿಗಳು, ಅಣೆಕಟ್ಟು ಮತ್ತು ಸುರಂಗದ ಕಾಮಗಾರಿಗಳೂ ಇವೆ. ಎಲ್ಲ ಕಡೆಯೂ ಮನೆ ಬಿಟ್ಟು ತಿಂಗಳುಗಟ್ಟಲೆ ಡೇರೆಯಲ್ಲಿರಲು ಸಿದ್ಧರಿರಬೇಕು.

ಹೆಣ್ಣುಮಕ್ಕಳಿಗೆ ಇನ್ನೊಂದು ಬಾಗಿಲು ಬಹುಕಾಲ ಮುಚ್ಚಿತ್ತು. 1952ರ ಗಣಿ ಕಾಯಿದೆ ನೆಲದಡಿಯ ಕೆಲಸಕ್ಕೆ ಅವರನ್ನು ಬಿಡುತ್ತಿರಲಿಲ್ಲ. ಓದುವಾಗ ಸಮಾನರು, ಗಣಿಬಾಯಿಯ ಬಳಿ ಮಾತ್ರ ಹೊರಗೆ! 2019ರಲ್ಲಿ ಈ ನಿಯಮ ಸಡಿಲವಾಗಿ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಹಗಲು ಹೊತ್ತಿನಲ್ಲಿ ಇಳಿಯಲು ಅವಕಾಶವಾಯಿತು.

ಸಂಜೆ ವಾಹನ ಹೊರಡುವ ಮುನ್ನ ದಿಕ್ಸೂಚಿ, ನಕ್ಷೆ, ಟಿಪ್ಪಣಿ ಪುಸ್ತಕಗಳ ಲೆಕ್ಕವಾಗುತ್ತದೆ. ಮಾರನೆಯ ದಿನ ಇಂಗಳದಾಳು. ಒಂದು ಕಾಲಕ್ಕೆ ತಾಮ್ರದ ಗಣಿ ನಡೆದ ಜಾಗ. ಅಲ್ಲಿ ಸುತ್ತಿಗೆ ಹೊರತೆಗೆಯಬಹುದು. ಅಜ್ಜ ಕುರಿಗಳನ್ನು ಹೊಡೆದುಕೊಂಡು ಎದ್ದಿರುತ್ತಾನೆ. ಅವನ ಎರಡನೆಯ ಪ್ರಶ್ನೆಗೆ ಉತ್ತರ ಕೊಡದೆಯೇ ಹುಡುಗರು ವಾಹನ ಹತ್ತುತ್ತಾರೆ.